ಒಗ್ಗರಣೆ ಇಲ್ಲದ ಮನೆ

ಮುಳ್ಳೂರಿನ ಸದಾಶಿವಪ್ಪನಿಗೆ ಮೆಚ್ಚುಗೆಯಾದ ವಸ್ತು ಈ ಲೋಕದಲ್ಲಿ ಒಂದೂ ಇರಲಿಲ್ಲ. ನಮ್ಮ ಕೊಳ್ಳೇಗಾಲ ಸೀಮೆ ಇನ್ನೂ ಮದ್ರಾಸಿನ ಕೊಯಮತ್ತೂರು ಜಿಲ್ಲೆಗೆ ಸೇರಿದ್ದ ಕಾಲ ಅದು. ಕೊಯಮತ್ತೂರಿನಿಂದ ಬರುವ ತಹಸೀಲ್ದಾರನಿಗೆ ನಮ್ಮ ಮಾತೇ ಬರುವುದಿಲ್ಲ, ಆಚೆ ಯಳಂದೂರಿನ ಮೈಸೂರು ಅಮಲ್ದಾರನಿಗೆ ಮಾತು ಬಿಟ್ಟರೆ ಬೇರೇನೂ ಬರುವುದಿಲ್ಲ ಎಂದು ಅವನು ಎರಡು ಸರ್ಕಾರಗಳನ್ನೂ ಒಂದೇ ಉಸಿರಿನಲ್ಲಿ ತೀರ್ಮಾನ ಮಾಡಿಬಿಡುತ್ತಿದ್ದ. ಹನೂರಿನ ಎತ್ತಿಗೆ ನಡಿಗೆ ಸಾಲದು. ಕಾಮಗೆರೆಯ ಬೆಲ್ಲಕ್ಕೆ ಸಿಹಿ ಸಾಲದು. ಸ್ವತಃ ಅವನಿಗೆ ಏನು ಸಾಲದು ಎಂದು ಕೇಳುವ ಧೈರ್ಯ ಊರಲ್ಲಿ ಯಾರಿಗೂ ಸಾಲದಾಗಿತ್ತು.

ಈ ವಿದ್ಯೆಗೆ ಅವನ ಮನೆಯ ಜಗುಲಿಯೇ ಮಠ. ದೀಪ ಹಚ್ಚುವ ಹೊತ್ತಿಗೆ ಇಬ್ಬರು ಗೆಳೆಯರು ತಪ್ಪದೆ ಬರುತ್ತಿದ್ದರು. ಒಬ್ಬ ಷಡಕ್ಷರಿ, ಜೋಳ ರಾಗಿ ವ್ಯಾಪಾರದವನು, ಸದಾಶಿವಪ್ಪನ ಜೊತೆ ಮಣ್ಣಲ್ಲಿ ಅಕ್ಷರ ತೀಡಿದವನು. ಇನ್ನೊಬ್ಬ ಪಕ್ಕದ ಹೊಲದ ದೊಡ್ಡಮಾದಯ್ಯ. ಮಾತು ಮಳೆ, ದನ, ಎಳ್ಳಿನ ಹೊಲದಿಂದ ಶುರುವಾಗಿ ಮನೆ ಸಮಾಚಾರಕ್ಕೆ ಇಳಿಯುತ್ತಿತ್ತು. ಆಗ ಸದಾಶಿವಪ್ಪ ಹೊಗೆಸೊಪ್ಪನ್ನು ಒಂದು ದವಡೆಯಿಂದ ಇನ್ನೊಂದಕ್ಕೆ ಸರಿಸುತ್ತಿದ್ದ. ಅಂದರೆ ಅವನ ಅವ್ವ ಪುಟ್ಟಮಲ್ಲಮ್ಮನ ಸರದಿ ಬಂತು ಎಂದರ್ಥ.

ಪುಟ್ಟಮಲ್ಲಮ್ಮ ರೇಷ್ಮೆ ಹುಳ ಸಾಕುವವಳು. ಹುಳ ಮನೆಯಲ್ಲಿದ್ದಷ್ಟು ದಿನ ಒಲೆಯ ಮೇಲೆ ಒಗ್ಗರಣೆ ಹಾಕುವಂತಿಲ್ಲ; ಮೆಣಸಿನಕಾಯಿ ಘಾಟಿಗೆ ಹುಳ ಕೆಡುತ್ತದೆ. ಹೊಗೆಸೊಪ್ಪು ಹಾಕಿದ ಬಾಯಿ ಹೊಸ್ತಿಲು ದಾಟುವಂತಿಲ್ಲ. ಜೋರಾಗಿ ಮಾತಾಡುವಂತಿಲ್ಲ. ಈ ಮೂರೂ ನಿಯಮ ಸೇರಿ ಸದಾಶಿವಪ್ಪನನ್ನು ಜಗುಲಿಗೆ ತಳ್ಳಿದ್ದವು. ಹುಳದ ಕೋಣೆ ಜಗುಲಿಯ ಗೋಡೆಗೆ ಅಂಟಿಕೊಂಡೇ ಇತ್ತು. ಗಾಳಿಗೆಂದು ಒಂದು ಅಂಗೈಯಗಲದ ಕಿಂಡಿ.

"ನಮ್ಮವ್ವ ಹುಳಕ್ಕ ದಿನಕ್ಕ ಐದ್ಸಲ ಬಡಿಸ್ತಾಳ ಕಣ್ಲಾ. ನನಗ ಎರಡೇ ಸಲ" ಎನ್ನುವನು ಸದಾಶಿವಪ್ಪ. "ಒಂದಿನ ಮುದ್ದೆಗ ಇನ್ನೊಸಿ ಸಾರು ಬುಡವ್ವ ಅಂದೆ. ತಡಿಯೋ, ಮೊದ್ಲು ಮಕ್ಕಳು ಉಂಡ್ಕಳ್ಲಿ ಅಂದ್ಲು. ಯಾವ ಮಕ್ಕಳು ಅಂತ ತಿರುಗಿ ನೋಡುದ್ರ, ಹುಳ!"

ಷಡಕ್ಷರಿ ಹೊಟ್ಟೆ ಹಿಡಿದುಕೊಳ್ಳುವನು.

"ಮದ್ವೆ ಆದ ಹೊಸದ್ರಲ್ಲಿ ನಮ್ಮವಳ್ನೂ ಹುಳದ ಕ್ವಾಣೇಲೇ ಮಲಗುಸ್ಬುಟ್ಲು. ಅವಳು ಹುಳದ ತಟ್ಟೆ ಪಕ್ಕ, ನಾನು ಜಗುಲಿ ಪಕ್ಕ. ನಮ್ಮ ಗುರುಪಾದ ಉಟ್ಟಿದ್ದೇ ಹುಳದ ಬೆಳೆ ಕೆಟ್ಟೋದ ವರ್ಸ ಕಣ್ಲಾ!"

ಈ ಮಾತಿಗೆ ದೊಡ್ಡಮಾದಯ್ಯ ಜಗುಲಿಯಿಂದ ಜಾರಿ ಬಿದ್ದದ್ದೂ ಉಂಟು. ಹೆತ್ತವ್ವನನ್ನೂ ಕಟ್ಟಿಕೊಂಡವಳನ್ನೂ ಹೀಗೆ ಬೀದಿಗೆ ಹರಡಿ ನಗಿಸುವುದು ಎಂಥ ಗಂಡಸುತನವೋ ಕಾಣೆ. ನಮ್ಮ ಕಡೆಯ ಗಂಡಸರಲ್ಲಿ ಈ ರೋಗ ಇಲ್ಲದವರು ಕಡಿಮೆ. ಇದನ್ನು ಬರೆಯುವವನನ್ನೂ ಲೆಕ್ಕಕ್ಕೆ ಸೇರಿಸಿಕೊಳ್ಳಬಹುದು.

ಹುಳದ ತಿಂಗಳಲ್ಲಿ ಸದಾಶಿವಪ್ಪ ರಾತ್ರಿ ಊಟಕ್ಕೆ ಷಡಕ್ಷರಿಯ ಮನೆಗೇ ಹೋಗುತ್ತಿದ್ದ. ಷಡಕ್ಷರಿಯ ಹೆಂಡತಿ ಶಂಕರಮ್ಮ ಸಾಸಿವೆ ಬೆಳ್ಳುಳ್ಳಿ ಚಟಪಟಗುಟ್ಟಿಸಿ ಬಡಿಸುತ್ತಿದ್ದಳು. ಮೂರು ಮುದ್ದೆ ಮುಗಿಸಿ, ಕೈ ತೊಳೆದು, ಜಗುಲಿಗೆ ವಾಪಸಾದ ಮೇಲೆ ಅವಳ ಸಾರಿನ ವಿಚಾರಣೆ. "ಒಗ್ಗರಣೆ ಈಜಾಡ್ತಿತ್ತು ಕಣ್ಲಾ. ಸಾರ ನಾನೇ ಉಡಿಕ್ಕಂಡು ಉಂಡೆ."

ಹೀಗಿರಲಾಗಿ ಮಗ ಗುರುಪಾದಸ್ವಾಮಿ ಮದುವೆಗೆ ಬಂದ. ಹುಡುಗ ಥರ್ಡ್ ಫಾರಂ ತನಕ ಓದಿ ಹೊಲ ನೋಡಿಕೊಂಡಿದ್ದ. ಅಪ್ಪನ ಬಾಯಿ ಬಂದಿರಲಿಲ್ಲ. ಸದಾಶಿವಪ್ಪ ಹೆಣ್ಣು ನೋಡಲು ಹೋದಲ್ಲೆಲ್ಲ ಉಪ್ಪಿಟ್ಟು ತಿಂದು, ಹುಡುಗಿಯ ನಡಿಗೆ, ಅವಳಪ್ಪನ ಪೇಟ, ಮನೆಯ ತೊಲೆ ಎಲ್ಲಕ್ಕೂ ಹೆಸರಿಟ್ಟು ಬಂದ. ಆ ಮಾತುಗಳು ಅವನಿಗಿಂತ ಮುಂಚೆ ಮುಂದಿನ ಊರು ತಲುಪಿದವು. ಕೊನೆಗೆ ಅವನು ಬರುತ್ತಾನೆಂದರೆ ಹೆಣ್ಣಿನವರು ಬಾಗಿಲು ಹಾಕಿಕೊಂಡು ಹೊಲಕ್ಕೆ ಹೋಗತೊಡಗಿದರು. ಉಳಿದದ್ದು ಷಡಕ್ಷರಿಯ ಮಗಳು ನೀಲಮ್ಮಣ್ಣಿ. ಗುರುಪಾದನ ಮನಸ್ಸು ಮೊದಲಿನಿಂದಲೂ ಅಲ್ಲೇ ಇತ್ತು. "ಅವಳು ಇಲ್ಲಾಂದ್ರ ನಂಗ ಮದ್ವೇನೇ ಬ್ಯಾಡ" ಎಂದು ಅವನು ಅಜ್ಜಿಯ ಮುಂದೆ ಖಡಾಖಂಡಿತವಾಗಿ ಹೇಳಿದ.

ಸದಾಶಿವಪ್ಪ ಅಂದು ಸಂಜೆ ಜಗುಲಿಯಲ್ಲಿ ದಾನ ಮಾಡುವ ಧಾಟಿಯಲ್ಲಿ ಮಾತು ತೆಗೆದ. "ಓಗ್ಲಿ ಬುಡ್ಲಾ ಷಡಕ್ಷರಿ, ನಿನ್ನ ಮಗಳನ್ನೇ ತಕತೀನಿ."

ಷಡಕ್ಷರಿ ನಗಲಿಲ್ಲ. ಆ ಜಗುಲಿಯ ಮೇಲೆ ಅವನು ನಗದೆ ಕೂತದ್ದು ಅದೇ ಮೊದಲು.

"ನಮ್ಮೋಳು ಒಪ್ಪಾಕಿಲ್ಲ ಕಣ್ಲಾ" ಎಂದ. "ನಿಮ್ಮಟ್ಟೀಲಿ ಸೊಸೇರ್ನ ಹುಳದ ಜೊತೆ ಮಲಗುಸ್ತಾರ, ಹುಳ ಉಂಡ ಮ್ಯಾಲ ಮನುಸರಿಗ ಇಕ್ತಾರ, ಒಗ್ಗರಣೆ ಕಾಣದ ಮನೆ ಅಂತ ಅವಳಿಗ ಎಲ್ಲಾ ಗೊತ್ತು."

"ಯಾವನ್ಲಾ ಯೋಳ್ದೋನು? ನಾಲಗೆ ಕಿತ್ತಾಕ್ಬುಡ್ತೀನಿ!"

"ನೀನೇ ಕಣ್ಲಾ."

ಸದಾಶಿವಪ್ಪನ ದವಡೆಯಲ್ಲಿ ಹೊಗೆಸೊಪ್ಪು ನಿಂತಿತು. "ಅದು ನಗಾಡಕ್ಕ ಯೋಳ್ದ ಮಾತು..."

"ಅಂಗಾರ ಸುಳ್ಳಾ?"

"ಸುಳ್ಳು ಅಂದ್ಬುಡಿ ಸದಾಶಿವಪ್ನೋರೆ" ಎಂದ ದೊಡ್ಡಮಾದಯ್ಯ. "ಇಷ್ಟ್ ವರ್ಸ ನಕ್ಕಿದ್ನೆಲ್ಲ ವಾಪಸ್ ತಕಳಿ. ಏನು ಮಾಡಾಕಾದದು, ಮಗನ ಮದ್ವೆ."

ಒಂದೇ ಮಾತು ಸಾಕಿತ್ತು. ಸುಳ್ಳು ಎಂದರೆ ಸೊಸೆ ಬರುತ್ತಿದ್ದಳು. ಆದರೆ ಸುಳ್ಳುಗಾರನ ಜಗುಲಿಗೆ ನಾಳೆ ಯಾರು ಬರುತ್ತಾರೆ? ಮಗನ ಬಾಳು ಒಂದು ಕಡೆ, ತನ್ನ ಕಥೆಗಳ ಮಾನ ಇನ್ನೊಂದು ಕಡೆ. ಬೇರೆ ಅಪ್ಪಂದಿರಿಗೆ ಇದರಲ್ಲಿ ಯೋಚಿಸುವಂಥದ್ದೇನೂ ಇರುತ್ತಿರಲಿಲ್ಲ. ಸದಾಶಿವಪ್ಪ ಯೋಚಿಸಿದ. ಯೋಚಿಸಿ, "ಸುಳ್ಳು ಯೋಳೋ ಜಾಯಮಾನ ನಂದಲ್ಲ" ಎಂದು ಎದೆ ಸೆಟೆಸಿದ. ಗೆಳೆಯರಿಬ್ಬರೂ ಎದ್ದು ಹೋದರು. ಒಳಗೆ ಗುರುಪಾದ ಉಣ್ಣದೆ ಮಲಗಿದ.

ಮರುದಿನ ಶಂಕರಮ್ಮನೇ ಬಂದಳು. ಪುಟ್ಟಮಲ್ಲಮ್ಮ ಊಟಕ್ಕೆ ಹೇಳಿಕಳಿಸಿದ್ದಳು; ಅದೂ ಮನೆಯಲ್ಲಿ ಹುಳ ಇರುವಾಗ. ಸದಾಶಿವಪ್ಪ ಓಡಿ ಹೋಗಿ ಅಡುಗೆಮನೆಯ ಬಾಗಿಲಲ್ಲಿ ನಿಂತು, "ಅವ್ವಾ, ಇವತ್ತೊಂದಿನ ಒಗ್ಗರಣೆ ಹಾಕ್ಸವ್ವ, ನಿನ್ನ ದಮ್ಮಯ್ಯ" ಎಂದ. "ಬಾಯಿ ತೊಳಕಂಡು ಮಾತಾಡು" ಎಂದು ಮುದುಕಿ ಕದ ಎಳೆದುಕೊಂಡಳು. ಅವನು ಬಂದು ಜಗುಲಿಯಲ್ಲಿ ಕೂತ. ಹೆಂಗಸರು ಹುಳದ ಕೋಣೆಗೆ ಹೋಗಿರಬೇಕು, ಕಿಂಡಿಯಿಂದ ಮಾತು ಬರುತ್ತಿತ್ತು. ಆ ಕಿಂಡಿಯಲ್ಲಿ ಮಾತು ಈಚೆಗೂ ಬರಬಲ್ಲದು, ಹಾಗಾದರೆ ಆಚೆಗೂ ಹೋಗಿರಬಹುದು ಎಂಬುದು ಅವನಿಗೆ ಹೊಳೆದದ್ದು ಆವಾಗ.

"ಸೊಸೇನ ಇಲ್ಲೇ ಮಲಗುಸ್ತೀರಂತಲ್ಲ ದೊಡ್ಡವ್ವ?" ಶಂಕರಮ್ಮ ಕೇಳಿದಳು.

"ಊ ಕಣವ್ವ. ಸರೊತ್ತಲ್ಲೂ ಸೊಪ್ಪು ಇಕ್ಬೇಕಲ್ಲ, ನಾನೂ ಇಲ್ಲೇ ಮಲಗ್ತೀನಿ. ಆಚ್ಗ ಮಲಗುದ್ರ ಅವನ ಮಾತು ಕೇಳ್ಬೇಕು. ಈ ಕಿಂಡೀಲಿ ಬರೋದೇ ಸಾಕಾಗದ. ನಿನ್ನ ಸಾರ್ನೂ ಬುಟ್ಟಿಲ್ಲ, ಗೊತ್ತಾ?"

"ಗೊತ್ತು. ಮೂರು ಮುದ್ದೆ ನುಂಗೋನು ಉಡಿಕ್ಕಂಡು ಉಂಡನಂತ!"

ಸದಾಶಿವಪ್ಪನ ಹೆಂಡತಿ ಶಿವರತ್ನಮ್ಮನ ದನಿ ಆಮೇಲೆ ಕೇಳಿತು. ಅವಳು ಇಷ್ಟು ಉದ್ದ ಮಾತಾಡಬಲ್ಲಳು ಎಂಬುದೇ ಗಂಡನಿಗೆ ಹೊಸ ಸುದ್ದಿ. "ಹುಳ ಇರೋ ತಿಂಗಳೇ ನಂಗ ನೆಮ್ಮದಿ ಅಕ್ಕಯ್ಯ. ಅವರು ನಿಮ್ಮಟ್ಟೀಲಿ ಉಣ್ತರ. ಸಪ್ಪೆ ಸಾರಾದ್ರೂ ಹೆಸರಿಡೋರು ಇಲ್ದೆ ಉಣ್ತೀನಿ."

ಮೂವರೂ ನಕ್ಕರು. ಕಿಂಡಿಯ ಈಚೆ ಕೂತವನಿಗೆ ಆ ನಗು ಚೂರೂ ಸೊಗಸಲಿಲ್ಲ.

ಉಂಡು ಎದ್ದ ಶಂಕರಮ್ಮ ಜಗುಲಿಗೆ ಬಂದು ಸೆರಗು ಸರಿಮಾಡಿಕೊಂಡಳು. "ಸಪ್ಪೆ ಸಾರು ಚೆಂದಾಗೇ ಅದ. ಹೆಣ್ಣು ಕೊಡಕ್ಕ ಈ ಹೆಂಗಸರ ನೋಡುದ್ರ ನಂಗೇನೂ ಅಡ್ಡಿಯಿಲ್ಲ. ಅಡ್ಡಿ ನೀವು. ಈ ಬೆಳೆ ಸೊಪ್ಪು ನೀವೇ ಇಕ್ಕಿ, ಕಸ ನೀವೇ ತೆಗೀರಿ. ನಮ್ಮಟ್ಟಿಗೂ ಉಣ್ಣಕ್ಕ ಬರ್ಬೇಡಿ. ಗೂಡು ಆದ್ರ ಹೆಣ್ಣು. ಹುಳ ಕೆಟ್ರ ಇಲ್ಲ."

ಹೀಗೆ ಸದಾಶಿವಪ್ಪ ಬಾಯಿ ಮುಕ್ಕಳಿಸಿ, ಕಾಲು ತೊಳೆದು ಹುಳದ ಕೋಣೆಗೆ ಹೋದ. ಹೊಗೆಸೊಪ್ಪಿಲ್ಲ, ಒಗ್ಗರಣೆಯಿಲ್ಲ, ಎಲ್ಲಕ್ಕಿಂತ ಹೆಚ್ಚಾಗಿ ಮಾತಿಲ್ಲ. ಹಿಪ್ಪುನೇರಳೆ ಸೊಪ್ಪು ಹೆಚ್ಚಿ ಹೆಚ್ಚಿ ಬೆರಳು ಹಸಿರಾದವು. "ಥೂ, ಇವುಕ್ಕ ಬಾಯಿ ಬುಟ್ರ ಬ್ಯಾರೆ ಏನೂ ಇಲ್ವಲ್ಲವ್ವ" ಎಂದು ಪಿಸುಗುಟ್ಟಿದ.

"ನಿನ್ನಂಗೇ" ಎಂದಳು ಪುಟ್ಟಮಲ್ಲಮ್ಮ. "ಆದ್ರ ಅವು ತಿಂದುದ್ಕ ರೇಷ್ಮೆ ಬುಡ್ತವ."

ಹುಳ ಕೊನೆಯ ಜ್ವರಕ್ಕೆ ಕೂತವು. ತಲೆ ಎತ್ತಿಕೊಂಡು, ಮೇವು ಬಿಟ್ಟು, ಪೊರೆ ಕಳಚಲು ಕಾಯುವ ಹೊತ್ತು ಅದು. ಆಗ ಕೋಣೆಯಲ್ಲಿ ಕೆಮ್ಮಲೂ ಕೂಡದು ಎಂಬುದು ಮುದುಕಿಯ ಕಟ್ಟಳೆ. ಸದಾಶಿವಪ್ಪ ಕೈಕಟ್ಟಿ ಕೂತಿದ್ದ. ಜಗುಲಿಯಲ್ಲಿ ಗೆಳೆಯರು ಸೇರಿದ್ದರು. ಯಜಮಾನನಿಲ್ಲದಿದ್ದರೂ ಅಭ್ಯಾಸ ಬಿಡಬೇಕಲ್ಲ. ದೊಡ್ಡಮಾದಯ್ಯ ಶುರುಮಾಡಿದ. "ಅವರ ಗುರುಪಾದ ಉಟ್ಟಿದ್ದು ಯಾವಾಗ ಗೊತ್ತಾ? ಬೆಳೆ ಚೆಂದಾಗಿ ಬಂದ ವರ್ಸ!"

ಷಡಕ್ಷರಿ ನಗಲಿಲ್ಲ. ಹೇಗೆ ನಕ್ಕಾನು? ಸದಾಶಿವಪ್ಪನ ಜೀವಮಾನದ ಅತ್ಯುತ್ತಮ ಮಾತನ್ನು ಈ ಪಾಪಿ ಬುಡಮೇಲು ಮಾಡಿ ಸಾಯಿಸಿದ್ದ. ಸದಾಶಿವಪ್ಪ ಎದ್ದ. ಕಿಂಡಿಗೆ ಬಾಯಿಟ್ಟ. 'ಕೆಟ್ಟೋದ ವರ್ಸ ಕಣ್ಲಾ' ಎಂಬುದು ನಾಲಗೆಯ ತುದಿಗೆ ಬಂತು. ಮೂಲೆಯಲ್ಲಿ ಅವ್ವ ನೋಡುತ್ತಿದ್ದಳು. ಬಾಗಿಲಲ್ಲಿ ಗುರುಪಾದ ನಾಳೆಯ ಸೊಪ್ಪಿನ ಹೊರೆ ಹಿಡಿದು ಉಸಿರು ಬಿಗಿಹಿಡಿದಿದ್ದ. ಸದಾಶಿವಪ್ಪ ಮಗನ ಮುಖ ನೋಡಿದ. ಆ ಹೊರೆಗೆ ಕೈ ಹಾಕಿ ಒಂದು ಹಿಡಿ ಸೊಪ್ಪು ಕಿತ್ತು ತನ್ನ ಬಾಯಿಗೇ ತುರುಕಿಕೊಂಡು ಅಗಿಯುತ್ತಾ ಕೂತ.

ಹುಳ ಎದ್ದವು, ಮೇದವು, ಹಣ್ಣಾಗಿ, ಗೂಡು ಕಟ್ಟಲು ಬಿದಿರಿನ ಚಂದ್ರಿಕೆ ಹತ್ತಿದವು. ಗೂಡು ಬಿಡಿಸುವ ದಿನ ಶಂಕರಮ್ಮ ಬಂದು ಒಂದು ಗೂಡನ್ನು ಹಿಚುಕಿ ನೋಡಿ, "ಗಟ್ಟಿ ಅವ. ಆಯ್ತು, ಮೂರ್ತ ನೋಡ್ಸಿ" ಎಂದಳು. ಗುರುಪಾದ ಅಜ್ಜಿಯ ಕಾಲಿಗೆ ಬಿದ್ದ. ಬೀಗಿತ್ತಿಗೆ ಎರಡು ಒಳ್ಳೆಯ ಮಾತಾಡಬೇಕಾದ ಸದಾಶಿವಪ್ಪ ಅಲ್ಲಿರಲೇ ಇಲ್ಲ. ಅವನು ಬರಿಗಾಲಲ್ಲಿ ದೊಡ್ಡಮಾದಯ್ಯನ ಹೊಲದ ಬದುವಿಗೆ ಓಡಿದ್ದ. "ಲೇ, ಅದು ಬೆಳೆ ಕೆಟ್ಟೋದ ವರ್ಸ ಕಣ್ಲಾ! ಕೆಟ್ಟೋದ ವರ್ಸ!"

ನೀಲಮ್ಮಣ್ಣಿ ಸೊಸೆಯಾಗಿ ಬಂದಳು. ಮುಂದಿನ ಬೆಳೆಗೆ ಅವಳೂ ಹುಳದ ಕೋಣೆಯಲ್ಲೇ ಮಲಗಿದಳು. ಸದಾಶಿವಪ್ಪ ಜಗುಲಿಗೆ ಮರಳಿದ, ಹೊಗೆಸೊಪ್ಪು ದವಡೆಗೆ ಮರಳಿತು. ಆದರೆ ಮನೆ ಸಮಾಚಾರಕ್ಕೆ ಬಂದಾಗ ಅವನು ಮೊದಲು ಎದ್ದು ತನ್ನ ಟವಲನ್ನು ಕಿಂಡಿಗೆ ತುರುಕುತ್ತಿದ್ದ. ಒಳಗಿನಿಂದ ಯಾರೋ ಅದನ್ನು ಮೆಲ್ಲಗೆ ಎಳೆದುಕೊಳ್ಳುತ್ತಿದ್ದರು.