ಗಾರೆ ಮೇಸ್ತ್ರಿ ಮಂಚಮ್ಮನ ಕರಾರು

ಬೆಳಗಿನ ಐದೂವರೆ. ಮದ್ದೂರಿನ ಹೊಳೆ ಕಡೆಯ ಬೀದಿಯಲ್ಲಿರುವ ಲಿಂಗಯ್ಯನವರ ಮನೆ. ನಡುಮನೆಯಲ್ಲಿ ಕಟ್ಟಿದ ಅಟ್ಟಣೆಯ ಮೇಲೆ ಹೆಂಗಸೊಬ್ಬರು ಕುಕ್ಕರಗಾಲಲ್ಲಿ ಕೂತು, ಗೋಡೆಗೆ ಕಿವಿಯಿಟ್ಟು, ಬೆರಳ ಗಿಣ್ಣಿನಿಂದ ಟಕಟಕ ಬಡಿಯುತ್ತಿದ್ದಾರೆ. ಸೀರೆ ಎತ್ತಿ ಕಟ್ಟಿದೆ. ಮೊಣಕೈವರೆಗೂ ಸುಣ್ಣ ಮೆತ್ತಿದೆ. ನಾನು ನಮಸ್ಕಾರ ಎನ್ನುತ್ತೇನೆ. ಅವರು ತಿರುಗಿಯೂ ನೋಡುವುದಿಲ್ಲ.

"ಒಸಿ ಬಾಯ್ಮುಚ್ಕಂಡು ನಿಂತ್ಕಳಿ ಸ್ವಾಮಿ. ಒಳ್ಗೆ ಪೊಳ್ಳೈತಾ ಗಟ್ಯಾಗೈತಾ ಕೇಳುಸ್ಬೇಕು."

ಭಾನುವಾರದ ಪುರವಣಿಗೆ ಬರೆಯಲು ಬಂದವನಿಗೆ ಸಿಕ್ಕ ಸ್ವಾಗತ ಇದು. ಬಾಯಿ ಮುಚ್ಚಿಕೊಂಡು ನಿಲ್ಲುತ್ತೇನೆ.

ಇವರು ಮಳವಳ್ಳಿಯ ಮಂಚಮ್ಮ. ವಯಸ್ಸು ಐವತ್ತೋ ಐವತ್ತೆರಡೋ, "ಯಾರ್ ಬರ್ದಿಟ್ಟವ್ರೆ?" ಎನ್ನುತ್ತಾರೆ. ಈ ಸೀಮೆಯಲ್ಲಿ ಗೋಡೆಗೆ ಗಾರೆ ಬಳಿಯುವ ಹೆಣ್ಣು ಮೇಸ್ತ್ರಿ ಇವರೊಬ್ಬರೇ ಎಂದು ಕೇಳಿ ಬಂದಿದ್ದೇನೆ. ಗಾರೆ ಕೆಲಸದಲ್ಲಿ ಹೆಂಗಸರಿಗೇನು ಬರವಿಲ್ಲ. ಸುಣ್ಣ ಅರೆಯುವವರು, ಮಂಕರಿ ಹೊರುವವರು, ನೀರು ಸೇದುವವರು ಎಲ್ಲರೂ ಅವರೇ. ಗಾರೆ ಬಳಿಯುವ ಕರಣೆ ಮಾತ್ರ ಗಂಡಸಿನ ಕೈಯಲ್ಲಿ. ಮಂಚಮ್ಮ ಎಲ್ಲರೆದುರಿಗೇ ಆ ಕರಣೆ ಹಿಡಿದು ಆರೇಳು ವರ್ಷವಾಗಿದೆ. ಕೂಲಿ ಹೆಂಗಸರನ್ನು ಪತ್ರಿಕೆಗಳಲ್ಲಿ 'ಅವಳು' ಎನ್ನುವುದು ರೂಢಿ. ನಾನು 'ಅವರು' ಎಂದೇ ಬರೆಯುತ್ತೇನೆ. ಸಂಪಾದಕರು ತಿದ್ದಿದರೆ ಪಾಪ ಅವರಿಗೇ ತಟ್ಟಲಿ.

ಇವರ ಗಂಡ ಕರಿಯಯ್ಯ ಹೆಸರಾದ ಗಾರೆ ಮೇಸ್ತ್ರಿ. ಕೊನೆಕೊನೆಗೆ ಅವರಿಗೆ ಕೈ ನಡುಕ ಬಂತು. ಕರಣೆ ನಿಲ್ಲುತ್ತಿರಲಿಲ್ಲ. "ಬಾಗ್ಲಾಕ್ಕಂಡು ನಾನೇ ಬಳೀತಿದ್ದೆ. ಅವ್ರು ಮೂಲೇಲಿ ಕೂತು ಬೀಡಿ ಸೇದೋರು. ಕೆಲ್ಸ ಮುಗುದ್ಮೇಲೆ ಈಚ್ಗೆ ಬಂದು 'ಆಯ್ತು ಬುದ್ದಿ' ಅನ್ನೋರು. ಮನೆಯೋರು ಏನ್ ಕೈ ಕಣಯ್ಯ ನಿಂದು ಅನ್ನೋರು." ಹೇಳುತ್ತ ಮಂಚಮ್ಮ ನಗುತ್ತಾರೆ. ಆ ನಗೆಯಲ್ಲಿ ಕಹಿಯಿಲ್ಲ. ಗಂಡನ ಮೇಲೆ ಇವರಿಗೆ ಪ್ರೀತಿಯಿತ್ತು.

ಕಹಿ ಇರುವುದು ಕಂಟ್ರಾಕ್ಟರ್ ನಾಗಯ್ಯನ ಮೇಲೆ. ಕರಿಯಯ್ಯ ತೀರಿಕೊಂಡ ಮೇಲೆ ಮಂಚಮ್ಮ ಅವನ ಬಳಿ ಮಂಕರಿ ಹೊರಲು ಸೇರಿದರು. ಅವನ ಹಾಜರಿ ಪುಸ್ತಕದಲ್ಲಿ ಇವರ ಸಾಲಿನಲ್ಲಿ 'ಕರಿಯಯ್ಯನ ಹೆಂಡತಿ' ಎಂದಷ್ಟೇ ಇತ್ತು. ಹಾಜರಿ ಕೂಗುವಾಗಲೂ ಹಾಗೆಯೇ. "ನಂಗೊಂದ್ ಎಸ್ರೈತೆ, ಬರ್ಕಳಿ ಅಂದೆ. ಮಂಕ್ರಿ ಒರೋಳ್ಗೆ ಎಸ್ರ್ಯಾಕಮ್ಮಿ ಅಂತ ಎಲ್ರೆದ್ರುಗೂ ನಕ್ಬುಟ್ಟ. ಮಂಕ್ರೀನ ಅವನ ಕಾಲತ್ರ ಮಡಗ್ಬುಟ್ಟು, ನೀನೇ ಒರ್ಕೊಳಪ್ಪ ಅಂತೇಳಿ ಬಂದ್ಬುಟ್ಟೆ."

ಅದಾದ ಮೇಲೆ ಒಂದು ವರ್ಷ ಯಾರೂ ಕರೆಯಲಿಲ್ಲ. ಹೆಂಗಸಿನ ಕೈಗೆ ಗೋಡೆ ಕೊಡುವವರು ಯಾರು? ಆಮೇಲೆ ಯುದ್ಧ ಬಂತು. ಸಿಮೆಂಟಿಗೆ ಪರ್ಮಿಟ್ಟು ಬಂತು, ಸಿಮೆಂಟೇ ಸಿಗದಾಯಿತು. ಗಾರೆಯೆಂದರೆ ಮೂಗು ಮುರಿಯುತ್ತಿದ್ದ ಜನ ಮಳವಳ್ಳಿಯ ಬಸ್ಸು ಹತ್ತಿದರು. ಈಗ ಮಂಚಮ್ಮನ ಲೆಕ್ಕದಲ್ಲಿ ನಲವತ್ತಮೂರು ಮನೆಗಳಿವೆ. ದಿನಕ್ಕೆ ಒಂದು ಅಂಕಣ ಗೋಡೆ, ಇಪ್ಪತ್ತು ಕೊಡ ನೀರು, ಊಟಕ್ಕೆ ಎರಡು ಮುದ್ದೆ.

ಲಿಂಗಯ್ಯನವರ ನಡುಮನೆಯ ಗೋಡೆ ಹೊಳೆಯ ತೇವಕ್ಕೆ ಉಬ್ಬಿತ್ತು. ಯುಗಾದಿಗೆ ಮುಂಚೆ ನಾಗಯ್ಯ ಬಂದು ಉಬ್ಬಿದ್ದರ ಮೇಲೇ ಬಳಿದು ಹೋದ. ತಿಂಗಳೊಳಗೆ ಹಪ್ಪಳ ಎದ್ದಂತೆ ಎದ್ದು ಬಿತ್ತು. ಲಿಂಗಯ್ಯನವರ ಮಗನ ಮದುವೆ ಹತ್ತಿರ ಬಂದಿತ್ತು. ಲಿಂಗಯ್ಯ ಮಳವಳ್ಳಿಗೆ ಹೋಗಿ ಮಂಚಮ್ಮನ ಮನೆ ಬಾಗಿಲಲ್ಲಿ, "ಮೇಸ್ತ್ರಿ ಇಲ್ವೇನಮ್ಮ?" ಎಂದು ಕೇಳಿದರಂತೆ.

"ನಾನೇ ಎದುರ್ಗೆ ನಿಂತಿವ್ನಲ್ಲ ಗೌಡ್ರೆ!"

"ಹಿಂದೆ ಯಾವನಾದ್ರೂ ಗಂಡಸು ನಿಂತವ್ನೇನೋ ಅಂತ ಬಗ್ಗಿ ನೋಡ್ದೆ ಕಣ್ರೀ" ಎಂದು ಲಿಂಗಯ್ಯನೇ ನನಗೆ ಹೇಳುತ್ತಾರೆ. ಒಳ್ಳೆಯ ಮನುಷ್ಯ, ಸ್ವಲ್ಪ ಪುಕ್ಕಲು.

ಮಂಚಮ್ಮ ಬಂದು ಗೋಡೆ ಬಡಿದು ನೋಡಿದರು. ಲಿಂಗಯ್ಯನವರ ತಾಯಿ ದೊಡ್ಡತಾಯಮ್ಮನ ಎದುರಿಗೇ ಮಾತಾಯಿತು. ಇಟ್ಟಿಗೆ ಕಾಣುವವರೆಗೂ ಕೆತ್ತಬೇಕು, ಒಣಗಲು ಬಿಡಬೇಕು, ಅದಕ್ಕೆ ತಿಂಗಳು ಹಿಡಿಯುತ್ತದೆ. "ಮದ್ವೆ ಮನೆ ಕಣಮ್ಮ!" ಎಂದು ಲಿಂಗಯ್ಯ ಬಾಯಿ ಬಡಿದುಕೊಂಡರು. "ನಿಮ್ಮನೆ ಮದ್ವೆ ಅಂತ ಗ್ವಾಡೆಗೇನ್ ಗೊತ್ತು?" ಎಂದರು ಮಂಚಮ್ಮ. ಕೊನೆಯಲ್ಲಿ ಅವರದೊಂದು ಕರಾರು. ಗಾರೆ ಮುಗಿದಾಗ ಬಾಗಿಲ ಮೇಲೆ ಮನೆಯವರ ಹೆಸರು, ಇಸವಿ ಉಬ್ಬಿಸಿ ಬರೆಯುವುದು ಎಲ್ಲ ಕಡೆಯ ಪದ್ಧತಿ. ಅದರ ಕೆಳಗೆ ತನ್ನ ಹೆಸರೂ ಇರಬೇಕು. ನಲವತ್ತಮೂರು ಮನೆಗಳಲ್ಲಿ ಕೇಳಿದ್ದರಂತೆ. ನಲವತ್ತಮೂರು ಮನೆಯವರೂ ಆಗುವುದಿಲ್ಲ ಎಂದಿದ್ದರು. ಲಿಂಗಯ್ಯ ಅವಸರದಲ್ಲಿದ್ದರು, ಹೂಂ ಎಂದುಬಿಟ್ಟರು.

ಹೀಗಾಗಿ ಮದುಮಗಳು ಈ ಮನೆಗೆ ಕಾಲಿಟ್ಟದ್ದು ಬೋಳು ಇಟ್ಟಿಗೆಯ ಎದುರಿಗೆ. ನೆಂಟರು ಮುಸಿಮುಸಿ ನಕ್ಕರು. ಲಿಂಗಯ್ಯ ಮಾನ ಮುಚ್ಚಿಕೊಳ್ಳಲು ಒಂದು ಜಮಖಾನ ತೂಗುಹಾಕಿದರು. ಊಟಕ್ಕೆಂದು ಬಂದ ಮಂಚಮ್ಮ ಎಲ್ಲರೆದುರಿಗೂ ಅದನ್ನು ಕಿತ್ತು ಕೆಳಗಿಟ್ಟರಂತೆ. "ಒದ್ದೆ ಗ್ವಾಡೆಗೆ ಕಂಬ್ಳಿ ಒದ್ಸಿದ್ರೆ ಒಣಗ್ತದಾ?" ಬೀಗರು ಹೌಹಾರಿದರು.

ಗಾರೆಗೆ ಬೆಲ್ಲದ ನೀರು ಬೇಕು. ಮಂಡ್ಯದ ಸುತ್ತ ಕಬ್ಬಿದ್ದರೂ ಈಗ ರೇಷನ್ನಿನ ಕಾಲ. ಮಕ್ಕಳಿಗಿಲ್ಲದ ಬೆಲ್ಲವನ್ನು ಗೋಡೆಗೆ ತಿನ್ನಿಸುತ್ತಾಳೆ ಎಂದು ಬೀದಿಯವರು ಬೈದರು. "ಗ್ವಾಡೆ ಕುಸುದ್ರೆ ಬೆಲ್ಲ ತಿನ್ನಕ್ಕೆ ಮಕ್ಳಿರ್ಬೇಕಲ್ಲ!" ಎಂದು ಮಂಚಮ್ಮ ಅಟ್ಟಣೆಯಿಂದಲೇ ಕೂಗಿ ಉತ್ತರ ಕೊಟ್ಟರು.

ಇವರಿಗೆ ಓದು ಬರಹ ಬರುವುದಿಲ್ಲ. ಚೀಟಿ ನೋಡಿ ಅಕ್ಷರ ತಿದ್ದುತ್ತಾರೆ. ಕಿರುಗಾವಲಿನ ಒಂದು ಮನೆಯಲ್ಲಿ ಚೀಟಿಯನ್ನು ತಲೆಕೆಳಗಾಗಿ ಹಿಡಿದುಕೊಂಡು ಹಾಗೆಯೇ ಬರೆದುಬಿಟ್ಟರು. ಮನೆಯವರಿಗೂ ಓದು ಬಾರದು. ಮೇಷ್ಟ್ರೊಬ್ಬರು ಊಟಕ್ಕೆ ಬಂದು ಕತ್ತು ವಾಲಿಸಿ ಓದುವವರೆಗೆ ಆರು ತಿಂಗಳು ಅದಕ್ಕೆ ಹೂವು ಮುಡಿಸುತ್ತಿದ್ದರಂತೆ. "ಇನ್ನೂ ಅಂಗೇ ಐತೆ. ಸ್ಯಾನೆ ಚೆಂದಾಗಿ ಬಂದಿತ್ತು, ಕೆಡವಕ್ಕೆ ಮನಸ್ಸಾಗ್ಲಿಲ್ಲ."

ಈಗ ಎಂಟು ಗಂಟೆ. ಕೊನೆಯ ನುಣ್ಣನೆಯ ಗಾರೆಯನ್ನು ಹೊಳೆಯ ಕಲ್ಲಿನಿಂದ ಉಜ್ಜುತ್ತಿದ್ದಾರೆ. ಅರ್ಧ ಗೋಡೆ ಹೊಳೆಯುತ್ತಿದೆ. ಬಾಗಿಲ ಮೇಲೆ 'ಲಿಂಗಯ್ಯ ೧೯೪೬' ಎದ್ದು ನಿಂತಿದೆ. ಮಂಚಮ್ಮ ಕೆಳಗಿಳಿದು ನನ್ನ ಬಳಿ ಬರುತ್ತಾರೆ. "ಸ್ವಾಮಿ, ನನ್ನೆಸ್ರ ದೊಡ್ಡದಾಗಿ ಬರ್ಕೊಡಿ."

ನಾನು ಬರೆದು ಕೊಡುತ್ತೇನೆ. ಅವರು ಕಾಗದವನ್ನು ದಿಟ್ಟಿಸುತ್ತಾರೆ. "ಇಷ್ಟುದ್ದ ಯಾಕೈತೆ? ಓದಿ."

"ಕರಿಯಯ್ಯನವರ ಹೆಂಡತಿ ಮಂಚಮ್ಮ."

"ನೀವೂ ಅಂಗೇ ಬರುದ್ರಾ?" ಕಾಗದ ನನ್ನ ಕೈಗೆ ವಾಪಸ್ಸು ಬರುತ್ತದೆ. "ಅವ್ರು ನನ್ ಗಂಡ, ದ್ಯಾವ್ರಂತೋರು. ಈ ಗ್ವಾಡೆ ಬಳ್ದೋರಲ್ಲ. ಒಡೀರಿ ಅದ."

ನಾಚಿಕೆಯಿಂದ ಮೊದಲೆರಡು ಪದ ಹೊಡೆದುಹಾಕುತ್ತೇನೆ. ಅಷ್ಟರಲ್ಲಿ ಲಿಂಗಯ್ಯ ಕೈ ಹೊಸಕುತ್ತ ಬರುತ್ತಾರೆ.

"ಮಂಚಮ್ಮ, ಅದು ಅಂಗಲ್ಲ... ಒಸ ಸೊಸೆ ಬಂದವ್ಳೆ. ಬಾಗ್ಲ ಮ್ಯಾಲೆ ಗಂಡ ಇಲ್ದೋಳ ಎಸ್ರು ಅಂದ್ರೆ ಜನ ಏನಂದಾರು? ಬೇಕಾದ್ರೆ ಕರಿಯಯ್ಯನ ಎಸ್ರಾಕು."

ಮಂಚಮ್ಮ ಉಜ್ಜುವ ಕಲ್ಲನ್ನು ನೆಲದ ಮೇಲಿಟ್ಟು, ಕೈ ತೊಳೆದುಕೊಂಡು ಜಗಲಿಯಲ್ಲಿ ಕೂತು ಎಲೆಗೆ ಸುಣ್ಣ ಸವರುತ್ತಾರೆ. ಹಸಿ ಗಾರೆ ಯಾರಿಗೂ ಕಾಯುವುದಿಲ್ಲ. ಇನ್ನರ್ಧ ಗಂಟೆಯಲ್ಲಿ ಉಜ್ಜದಿದ್ದರೆ ಬಿರುಕು ಬಿಡುತ್ತದೆ.

"ಅಯ್ಯೋ, ಅರ್ಧಕ್ಕೆ ಬುಟ್ಟು ಕೂತ್ಯಲ್ಲಮ್ಮ, ಕೆಟ್ಟೋಯ್ತದೆ!"

"ಕೆಡ್ಲಿ. ಕೆತ್ತಾಕ್ಬುಟ್ಟು ಮೊದ್ಲಿಂದ ಬಳೀತೀನಿ. ಒಂದ್ ಕಾಸ್ ಕೇಳಾಕಿಲ್ಲ. ಎಸ್ರು ಮಾತ್ರ ಬುಡಾಕಿಲ್ಲ."

ಮಾತು ಬಿಗಿಯಾಗಿದೆ. ಆದರೆ ಕಣ್ಣು ಗೋಡೆಯ ಮೇಲೇ ಇದೆ. ಆ ಗೋಡೆ ಕೆಟ್ಟರೆ ಲಿಂಗಯ್ಯನಿಗಿಂತ ಹೆಚ್ಚು ಸಂಕಟಪಡುವವರು ಯಾರೆಂದು ನನಗೆ ಗೊತ್ತಾಗುತ್ತದೆ.

ಒಲೆಯ ಮುಂದಿನಿಂದ ದೊಡ್ಡತಾಯಮ್ಮ ಕೋಲೂರಿಕೊಂಡು ಬರುತ್ತಾರೆ. "ಏನ್ಲಾ ಲಿಂಗ, ಗಂಡ ಇಲ್ದೋಳ ಎಸ್ರು ಈ ಮನೇಗಾಗಾಕಿಲ್ವಾ? ನಿಮ್ಮಪ್ಪ ಸತ್ತು ಇಪ್ಪತ್ತೊರ್ಸಾಯ್ತಲ್ಲ. ನಾನಿರ್ಬೋದೋ, ಇಲ್ಲ ಗಂಟು ಕಟ್ಲೋ?"

ಲಿಂಗಯ್ಯ ಒಂದು ಹೆಜ್ಜೆ ಹಿಂದೆ ಸರಿಯುತ್ತಾರೆ.

"ನನ್ನೆದ್ರುಗೆ ಹೂಂ ಅಂದೋನು ನೀನೇ ಕಣ್ಲಾ. ಓಗು, ಅವಳ್ಗೆ ನೀರ್ ಸೇದ್ಕೊಡೋಗು."

ಗೌಡರು ಪಂಚೆ ಎತ್ತಿ ಕಟ್ಟಿ ಬಾವಿಗೆ ಹೋಗುತ್ತಾರೆ. ಮಂಚಮ್ಮ ಎಲೆಯನ್ನು ಬಾಯಿಗೆ ಹಾಕಿಕೊಳ್ಳದೆ ಎಸೆದು ಅಟ್ಟಣೆ ಹತ್ತುತ್ತಾರೆ. ನೀರು ಚಿಮುಕಿಸಿ, ಮೈಯ ಭಾರವನ್ನೆಲ್ಲ ಕೈಗೆ ಹಾಕಿ ಉಜ್ಜುತ್ತಾರೆ. ಒಂದು ಮೂಲೆಯಲ್ಲಿ ಕೂದಲೆಳೆಯಷ್ಟು ಬಿರುಕು ಬಿದ್ದಿದೆ. ಅದನ್ನು ನೋಡಿ ಶಪಿಸುತ್ತಾರೆ, ಮುಚ್ಚುತ್ತಾರೆ, ಮತ್ತೆ ಉಜ್ಜುತ್ತಾರೆ. ಹತ್ತು ಗಂಟೆಯ ಹೊತ್ತಿಗೆ ಬಾಗಿಲ ಮೇಲೆ ಇನ್ನೊಂದು ಸಾಲು ಉಬ್ಬಿ ನಿಂತಿದೆ.

"ಏನೈತೆ ಓದಿ ಸ್ವಾಮಿ."

"ಮಂಚಮ್ಮ."

"ತಲೆಕೆಳ್ಗಾಗಿಲ್ಲ ತಾನೆ?"

"ಇಲ್ಲ."

ನಿಮ್ಮ ಹೆಸರು ಬರುವ ಭಾನುವಾರ ಪತ್ರಿಕೆಯಲ್ಲೂ ಇರುತ್ತದೆ ಎಂದು ನಾನು ಹೆಮ್ಮೆಯಿಂದ ಹೇಳುತ್ತೇನೆ. "ಇರ್ಲಿ ಬುಡಿ, ಸೋಮ್ವಾರ ಕಳ್ಳೇಕಾಯ್ ಕಟ್ಟಕ್ಕಾಯ್ತದೆ" ಎನ್ನುತ್ತಾರೆ. ಮತ್ತೇನಾದರೂ ಆಸೆ ಇದೆಯೇ ಎಂದು ಕೇಳುತ್ತೇನೆ. ಮಂಚಮ್ಮ ಸೆರಗಿನಿಂದ ಮುಖದ ಸುಣ್ಣ ಒರೆಸಿಕೊಂಡು ಬಾಗಿಲ ಮೇಲೊಮ್ಮೆ ನೋಡುತ್ತಾರೆ.

"ಆ ನಾಗಯ್ಯ ಒಂದ್ಸಲ ಈ ಮನೇಗ್ ಬರ್ಬೇಕು. ಅವ್ನಿಗೆ ಓದಕ್ಕೆ ಬತ್ತದೆ."