ನಕ್ಷೆಯಲ್ಲಿ ನೀರಾದ ಗಜನಿ

ಬಾಗಿಲಕ್ಕನ ಬಲಗೈ ತೋರುಬೆರಳಿನ ತುದಿ ಬೆಳ್ಳಗೆ ಸುಕ್ಕುಗಟ್ಟಿತ್ತು. ಆ ಬೆರಳನ್ನು ಗಜನಿಯ ನೀರಿಗೆ ಅದ್ದಿ, ನಾಲಿಗೆಗೆ ಮುಟ್ಟಿಸಿ, ಗಳಿಗೆ ಹೊತ್ತು ಕಣ್ಣು ಮುಚ್ಚಿ, ಪಿಚಕ್ಕನೆ ಉಗುಳಿ, ಬೀಜ ಬಿತ್ತಲು ಇನ್ನೆಷ್ಟು ದಿನ ಕಾಯಬೇಕೆಂದು ಹೇಳಿಬಿಡುತ್ತಿದ್ದರು. ಮಳೆನೀರು ಬಂದು ಉಪ್ಪು ಎಷ್ಟು ಇಳಿದಿದೆ ಎಂದು ತಿಳಿಯಲು ಅವರಿಗೆ ಬೇರೆ ಯಂತ್ರ ಬೇಕಿರಲಿಲ್ಲ. ಹೊತ್ತುಹೊತ್ತಿಗೆ ಕವಳ ಬೇಕೆನ್ನುವ ಹೆಂಗಸು, ಬಿತ್ತನೆಯ ವಾರ ಮಾತ್ರ ಎಲೆ ಅಡಿಕೆ ಮುಟ್ಟುತ್ತಿರಲಿಲ್ಲ. ನಾಲಿಗೆ ಕೆಟ್ಟರೆ ಊರೇ ಕೆಟ್ಟ ಹಾಗೆ ಎನ್ನುತ್ತಿದ್ದರು.

ಹಿರೇಗುತ್ತಿಯಿಂದ ಆಚೆ, ಅಘನಾಶಿನಿಯ ಹಿನ್ನೀರಿಗೆ ಕಟ್ಟೆ ಹಾಕಿ ಮಾಡಿದ ಗದ್ದೆಗಳಿಗೆ ಗಜನಿ ಎನ್ನುತ್ತಾರೆ. ಕಟ್ಟೆಗೆ ಒಂದು ಹಲಗೆಯ ಬಾಗಿಲು. ಸಮುದ್ರದ ಭರತ ಏರುವಾಗ ಅದನ್ನು ಮುಚ್ಚಬೇಕು, ಇಳಿಯುವಾಗ ತೆರೆಯಬೇಕು. ಗಂಡ ಮಾಡುತ್ತಿದ್ದ ಆ ಕೆಲಸವನ್ನು ಅವನು ಸತ್ತ ಮೇಲೆ ಇವರು ಹಿಡಿದರು, ಊರಿಗೆಲ್ಲ ಬಾಗಿಲಕ್ಕನಾದರು. ಅಲ್ಲಿ ಬೆಳೆಯುವುದು ಕಗ್ಗ ಎಂಬ ಭತ್ತ. ಉಪ್ಪುನೀರಲ್ಲಿ ಸೊಂಟದವರೆಗೆ ಮುಳುಗಿದರೂ ಸಾಯದ ಜಾತಿ. ಮಳೆಗಾಲಕ್ಕೆ ಬಿತ್ತಿ, ಮಳೆ ಹಿಂದಾದ ಮೇಲೆ ತೆನೆಯನ್ನಷ್ಟೇ ಕೊಯ್ದು, ಹುಲ್ಲನ್ನು ಮೀನಿಗೆಂದು ನೀರಲ್ಲೇ ಬಿಡುತ್ತಾರೆ. ಆಮೇಲೆ ಬಾಗಿಲು ತೆಗೆದರೆ ಬೇಸಿಗೆ ಮುಗಿಯುವವರೆಗೆ ಗಜನಿ ತುಂಬ ನೀರೇ ನೀರು.

ನಾನು ಅಲ್ಲಿಗೆ ಹೋದದ್ದು ಅಂಥ ನೀರಿನ ಕಾಲದಲ್ಲಿ, ಜನವರಿಯಲ್ಲಿ. ಎರಡು ಸಾವಿರದ ಇಸವಿ ಕಳೆದು ಒಂದೆರಡು ವರ್ಷವಾಗಿತ್ತು. ಉಪಗ್ರಹದ ಚಿತ್ರ ನೋಡಿ ಎಲ್ಲೆಲ್ಲಿ ಯಾವ ಬೆಳೆ ಎಂದು ನಕ್ಷೆ ಮಾಡುವ ಒಂದು ಯೋಜನೆಯಲ್ಲಿ ನನಗೆ ಗುತ್ತಿಗೆಯ ನೌಕರಿ. ಚಿತ್ರದಲ್ಲಿ ಗುರುತು ಹಾಕಿದ ಜಾಗಕ್ಕೆ ಖುದ್ದು ಹೋಗಿ, ಅಲ್ಲಿ ಏನಿದೆ ಎಂದು ಫಾರಂ ತುಂಬಬೇಕು. ಭಟ್ಕಳದ ಮುಟ್ಟಳ್ಳಿಯಿಂದ ಶುರು ಮಾಡಿ ಹೊನ್ನಾವರ ಮುಗಿಸಿ ಕುಮಟೆಗೆ ಬರುವಷ್ಟರಲ್ಲಿ ನನಗೆ ಆಕಾಶದಲ್ಲಿರುವುದು ನಾನೇ ಎಂಬಷ್ಟು ಸೊಕ್ಕು ಬಂದಿತ್ತು.

ಕಟ್ಟೆಯ ಮೇಲೆ ಕೂತಿದ್ದ ಬಾಗಿಲಕ್ಕನಿಗೆ ಚಿತ್ರ ಬಿಡಿಸಿ ತೋರಿಸಿದೆ. ಹೊಳೆಯ ತಿರುವು ನೋಡಿ ತಮ್ಮ ಜಾಗವನ್ನು ಅವರೇ ಹುಡುಕಿದರು. ಗಿಡಮರವೆಲ್ಲ ಕೆಂಪಾಗಿ ಕಾಣುವುದೇಕೆಂದು ಕೇಳಿದರು. ಉಪಗ್ರಹದ ಚಿತ್ರದಲ್ಲಿ ಹಸಿರನ್ನು ಕೆಂಪಾಗಿ ತೋರಿಸುತ್ತಾರೆ ಎಂದೆ.

"ಹಸರ್ನ ಕೆಂಪು ಮಾಡೂಕೆ ಅಷ್ಟೆತ್ತರ ಹೋಗೂದು ಎಂತಕ್ಕೆ ತಮಾ? ಕವಳ ಹಾಕಂಡ್ರೆ ಆತು."

ನಾನೂ ನಕ್ಕೆ. ಆದರೆ ಅವರ ಮುಂದಿನ ಪ್ರಶ್ನೆ ನಗುವಂಥದ್ದಾಗಿರಲಿಲ್ಲ. ತಮ್ಮ ಗಜನಿ ಬರೀ ನೀರಾಗಿ ಕಪ್ಪಗಿದೆಯಲ್ಲ, ಕಗ್ಗ ಇರುವಾಗ ಚಿತ್ರ ಏಕೆ ತೆಗೆಯಲಿಲ್ಲ ಎಂದರು. ಮಳೆಗಾಲದಲ್ಲಿ ಮೋಡ ಅಡ್ಡ ಬರುತ್ತದೆ, ಕೆಳಗಿನದು ಏನೂ ಕಾಣುವುದಿಲ್ಲ ಎಂದು ವಿವರಿಸಿದೆ. ಅವರು ಚಿತ್ರ ಮಡಿಸಿ ನನ್ನ ಕೈಗಿತ್ತರು.

"ಹಂಗಾರೆ ಅದು ನಮ್ಮ ಬೆಳೆ ಕಂಡದ್ದೇ ಇಲ್ಲ. ಕಾಣದೆ ಇದ್ದದ್ದ ಇಲ್ಲ ಅಂತ ಬರೀಬೇಡ ತಮಾ. ಕಾಣ್ಲಿಲ್ಲ ಅಂತ ಬರಿ."

ಮಧ್ಯಾಹ್ನ ಅವರ ಮನೆಯಲ್ಲೇ ಊಟ. ಕಗ್ಗದ ಕೆಂಪು ಗಂಜಿ, ಸುಟ್ಟ ಒಣಮೀನು. ಎರಡು ಸಲ ಬಡಿಸಿಕೊಂಡೆ. ಉಂಡು ಕೈತೊಳೆದು, ಅವರ ಜಗಲಿಯ ಮೇಲೇ ಕೂತು ಫಾರಮ್ಮಿನಲ್ಲಿ 'ನೀರು' ಎಂದು ಬರೆದೆ. ಪಕ್ಕದಲ್ಲಿ ಎರಡು ಬೆರಳಗಲದ ಷರಾ ಕಾಲಂ ಇತ್ತು. ಷರಾ ಬರೆದ ಫಾರಂ ಮೇಲಿನವರಿಂದ ವಾಪಸ್ ಬರುತ್ತಿತ್ತು, ಮತ್ತೆ ಹೋಗಿ ನೋಡಿ ಬರಬೇಕಾಗುತ್ತಿತ್ತು. ಖಾಲಿ ಬಿಟ್ಟೆ. ಮರೆತೆ ಎಂದು ಹೇಳಿಕೊಳ್ಳುವ ಹಾಗೂ ಇಲ್ಲ, ಸೋಮಾರಿತನಕ್ಕೆ ಬಿಟ್ಟದ್ದು.

ಆ ವರ್ಷ ಮಳೆಗಾಲದಲ್ಲಿ ಸುಮ್ಮನೆ ನೋಡಿ ಬರೋಣವೆಂದು ಎರಡು ಸಲ ಹೋದೆ. ಅವರು ಬೆರಳು ಅದ್ದಿ ನೀರಿನ ರುಚಿ ನೋಡಿದ್ದನ್ನು ಕಂಡದ್ದು ಆಗಲೇ. ಎರಡನೆಯ ಸಲ ಹೋದಾಗ ಕಣ್ಣು ಹಾಯುವಷ್ಟೂ ಕಗ್ಗ. ನಕ್ಷೆ ಇನ್ನೂ ಅಚ್ಚಾಗಿರಲಿಲ್ಲ, ತಿದ್ದಿಸಬಹುದಿತ್ತು. ನಾನು ಅವರ ಕೈಯಿಂದ ಒಣಮೀನಿನ ಪೊಟ್ಟಣ ಇಸಿದುಕೊಂಡು ಕುಮಟೆಯ ಬಸ್ಸು ಹತ್ತಿದೆ.

ಮರುವರ್ಷ ನಕ್ಷೆ ಬಂತು. ಆ ಮಳೆಗಾಲದಲ್ಲೇ ಕಟ್ಟೆ ಒಡೆಯಿತು. ಬಾಗಿಲು ಕಾಯುವುದಕ್ಕೆ ಬಾಗಿಲೇ ಉಳಿಯಲಿಲ್ಲ. ರಿಪೇರಿ ಮಾಡಿಸಿಕೊಡಿ ಎಂದು ಊರವರು ಅರ್ಜಿ ಕೊಟ್ಟರು. ಬೇಸಾಯದ ಜಮೀನಿದ್ದರೆ ಮಾತ್ರ ಕಟ್ಟೆ ಕಟ್ಟಿಸುವುದು ನಿಯಮ. ಅರ್ಜಿ ನಕ್ಷೆಗೆ ತಾಳೆ ನೋಡಲೆಂದು ನಾನು ಕೂರುತ್ತಿದ್ದ ಕಚೇರಿಗೆ ಬಂತು, ಅದರ ಹಿಂದೆಯೇ ಬಾಗಿಲಕ್ಕ ಒಬ್ಬರೇ ಬಂದರು, ಹಳೇ ಸೀರೆಯ ತುಂಡಿನಲ್ಲಿ ಹಿಂದಿನ ವರ್ಷದ ಕಗ್ಗದ ತೆನೆ ಕಟ್ಟಿಕೊಂಡು. ನಮ್ಮ ಸಾಹೇಬರು ತೆನೆಯ ಕಡೆ ನೋಡಲಿಲ್ಲ. ನಕ್ಷೆ ಹರವಿ, ನೀರೆಂದು ಹಚ್ಚಿದ ನೀಲಿ ಬಣ್ಣದ ಮೇಲೆ ಪೆನ್ನು ಕುಟ್ಟಿ, ಇದು ಬೇಸಾಯವೇ ಇಲ್ಲದ ಜಾಗ, ಉಪಗ್ರಹಕ್ಕೆ ಯಾರ ಮುಲಾಜೂ ಇಲ್ಲ ಎಂದರು.

ಬಾಗಿಲಕ್ಕ ನನ್ನ ಕಡೆ ತಿರುಗಿ, "ನೀ ಬಂದಿದ್ದೆ ಅಲ್ದಾ, ಹೇಳು ಅವ್ರಿಗೆ" ಎಂದರು.

ಮುಂದಿನ ತಿಂಗಳು ನನ್ನ ಗುತ್ತಿಗೆ ನವೀಕರಣವಾಗುವುದಿತ್ತು. ನಕ್ಷೆ ತಪ್ಪು ಎಂದರೆ ಫಾರಂ ತಪ್ಪು, ಫಾರಂ ತಪ್ಪು ಎಂದರೆ ನಾನು ತಪ್ಪು. "ನಾನು ಹೋದ ದಿನ ನೀರಿತ್ತು" ಎಂದೆ. ಅದರಲ್ಲಿ ಒಂದಕ್ಷರವೂ ಸುಳ್ಳಿರಲಿಲ್ಲ. ಇಂದಿಗೂ ಅಷ್ಟು ಹೊಲಸಾದ ಮಾತು ನನ್ನ ಬಾಯಿಂದ ಬೇರೊಂದು ಬಂದಿಲ್ಲ.

ಅವರು ಬೈಯಲಿಲ್ಲ. ತೆನೆಯನ್ನು ಮತ್ತೆ ಬಟ್ಟೆಯೊಳಗೆ ಕಟ್ಟಿದರು. ಬೈದಿದ್ದರೆ ನನಗೆ ಎಷ್ಟೋ ಹಗುರಾಗುತ್ತಿತ್ತು.

"ಆತು. ನಮ್ಮನೇಲಿ ಎಂತ ಉಂಡೆ, ಅದನ್ನಾದ್ರೂ ಬರೀಬೇಕಿತ್ತು" ಎಂದು ಹೇಳಿ ಮೆಟ್ಟಿಲಿಳಿದು ಹೋದರು.

ಒಡೆದ ಕಟ್ಟೆ ಹಾಗೇ ಉಳಿಯಿತು. ದಿನಕ್ಕೆರಡು ಸಲ ಉಪ್ಪುನೀರು ಮನಸ್ಸಿಗೆ ಬಂದಂತೆ ಬಂದು ಹೋಯಿತು. ಒಂದು ವರ್ಷ ಬಿತ್ತಿದ್ದು ಕೊಚ್ಚಿ ಹೋಯಿತು, ಮರುವರ್ಷಕ್ಕೆ ಯಾರ ಮನೆಯಲ್ಲೂ ಬೀಜ ಉಳಿಯಲಿಲ್ಲ. ಅರ್ಧ ಗಜನಿ ಸಿಗಡಿ ಹೊಂಡದವರ ಪಾಲಾಯಿತು. ಬಾಗಿಲಕ್ಕ ಅದಾಗಿ ಎರಡನೇ ಮಳೆಗಾಲದಲ್ಲಿ ಜ್ವರ ಬಂದು ತೀರಿಕೊಂಡರು. ನನಗೆ ಸುದ್ದಿ ತಿಳಿದದ್ದು ಹದಿನೈದು ದಿನ ಕಳೆದ ಮೇಲೆ, ಕುಮಟೆಯ ಪೇಟೆಯಲ್ಲಿ ಸಿಕ್ಕ ಆ ಊರಿನವನೊಬ್ಬನಿಂದ. ಸುದ್ದಿ ಹೇಳಿ ಅವನು ತನ್ನ ದಾರಿ ಹಿಡಿದ.

ಕೇಳುವವರು ಹೋದ ಮೇಲೆ ನನಗೆ ಧೈರ್ಯ ಬಂತು. ಆ ಜಾಗದಲ್ಲಿ ಕಗ್ಗ ಬೆಳೆಯುತ್ತಿತ್ತು, ನಾನೇ ಕಣ್ಣಾರೆ ಕಂಡಿದ್ದೇನೆ, ನಕ್ಷೆಯಲ್ಲಿರುವುದು ನನ್ನ ತಪ್ಪು ಎಂದು ಎರಡು ಪುಟ ಬರೆದು ಮೇಲಿನ ಕಚೇರಿಗೆ ಕಳಿಸಿದೆ. ಬೆಳೆ ಬದಲಾದದ್ದನ್ನು ಗುರುತಿಸಲು ಹೊಸ ಚಿತ್ರ ತರಿಸುತ್ತಿದ್ದೇವೆ, ಆಗ ಪರಿಶೀಲಿಸುತ್ತೇವೆ ಎಂಬ ಉತ್ತರ ಬಂತು. ಮಾತಿಗೆ ತಪ್ಪಲಿಲ್ಲ, ಪರಿಶೀಲಿಸಿದರು. ಹಳೆಯ ನಕ್ಷೆಯನ್ನೂ ಹೊಸದನ್ನೂ ಅಕ್ಕಪಕ್ಕ ಇಟ್ಟು ಹೋಲಿಸಿದರು. ಅದರಲ್ಲೂ ನೀರು, ಇದರಲ್ಲೂ ನೀರು. ಬಾಗಿಲಕ್ಕನ ಗಜನಿಯ ಎದುರು 'ಬದಲಾವಣೆ ಇಲ್ಲ' ಎಂದು ಬರೆದು ಕಡತ ಮುಚ್ಚಿದರು.