ಇನ್ನೂರು ವೋಲ್ಟಿನ ಕಂಡೆನ್ಸರ್

ಹಬ್ಬುವಾಡದಲ್ಲಿ ನನ್ನ ಭಾವನ ಅಕ್ಕಿ ಗಿರಣಿ ಇತ್ತು. ಗಿರಣಿಯ ಇಂಜಿನ್ನಿನಿಂದಲೇ ಮನೆಗೂ ವಿದ್ಯುತ್ತು. ಆ ಗತ್ತಿಗೆ ಮುಂಬೈಯಿಂದ ರೇಡಿಯೋ ತರಿಸಿದ್ದ. ಮಳೆಗಾಲದ ತೇವಕ್ಕೋ ಏನೋ, ಅದು ಹಾಡು ಬಿಟ್ಟು ಗುಂಯ್‌ಗುಡತೊಡಗಿತು. ಒಳಗಿನ ಕಂಡೆನ್ಸರ್ ಕೆಟ್ಟಿದೆ ಎಂದು ಯಾರೋ ಹೇಳಿದರು. ಭಾವ ಎಲ್ಲಿಂದಲೋ ಅಗ್ಗದ್ದೊಂದನ್ನು ತಂದ.

ನಾನಾಗ ಅಂಕೋಲೆಯ ಶಾಲೆಯಲ್ಲಿ ವಿಜ್ಞಾನ ಕಲಿಸುತ್ತಿದ್ದೆ. ರಜೆಗೆ ಅಕ್ಕನ ಮನೆಗೆ ಹೋದವನು ಹಳೆಯ, ಹೊಸ ಎರಡೂ ಕಂಡೆನ್ಸರ್ ಡಬ್ಬಿಗಳನ್ನು ತಿರುಗಿಸಿ ನೋಡಿದೆ. ಎರಡರ ಮೇಲೂ ಎಂಟು ಮೈಕ್ರೋಫ್ಯಾರಡ್ ಎಂದಿತ್ತು. ಆದರೆ ಹಳೆಯದು ಐನೂರು ವೋಲ್ಟಿನದು, ಹೊಸದು ಇನ್ನೂರರದು.

"ಭಾವ, ಇದನ್ನ ಹಾಕ್ಬೇಡಿ. ಎಂಟು ಅಂದ್ರೆ ಅದು ಎಷ್ಟು ವಿದ್ಯುತ್ ಹಿಡಿತದೆ ಅಂತ. ಇನ್ನೂರು ಅಂದ್ರೆ ಎಷ್ಟು ಒತ್ತಡ ತಡಿತದೆ ಅಂತ. ಈ ಪೆಟ್ಟಿಗೆಯೊಳಗೆ ಮುನ್ನೂರರ ಮೇಲೇ ಅದೆ. ಡಬ್ಬಿ ಮೇಲಿನ ವೋಲ್ಟ್ ಹೆಚ್ಚಿದ್ರೆ ಅಡ್ಡಿಲ್ಲ, ಕಮ್ಮಿಯಾದ್ರೆ ಒಡಿತದೆ."

"ಎಂಟಕ್ಕೆ ಎಂಟು ಸರಿ ಅದೆ. ಮತ್ತೆಂತದು? ನಿನ್ನ ಪಾಠ ಶಾಲೆ ಮಕ್ಕಳಿಗೆ ಹೇಳು," ಎಂದ ಭಾವ.

ಸಂಜೆ ನಾಲ್ಕಾರು ದೊಡ್ಡ ಮನುಷ್ಯರು ಬಂದು ಕೂತರು. ತಟ್ಟೆಗಳಲ್ಲಿ ಅವಲಕ್ಕಿ, ಬಾಳೆಹಣ್ಣು. ಅಕ್ಕ ಮುಟ್ಟಾಗಿ ಹಿತ್ತಲ ಜಗಲಿಯಲ್ಲಿ ಹೊರಗೆ ಕೂತಿದ್ದಳು. ಭಾವ ಇನ್ನೂರರದನ್ನೇ ಹಾಕಿಸಿದ್ದ ರೇಡಿಯೋ ಸ್ವಲ್ಪ ಹೊತ್ತು ಹಾಡಿತು. ಆಮೇಲೆ ಒಳಗಿಂದ ಪಟ್ಟೆಂದು ಸದ್ದಾಗಿ, ಡಬ್ಬಿಯೊಳಗಿನ ದ್ರವ ಗೋಡೆಗೆ, ನೆಲಕ್ಕೆ, ಅವಲಕ್ಕಿಗೆಲ್ಲ ಸಿಡಿಯಿತು. ಕೊಳೆತ ಸಿಗಡಿಯನ್ನು ಸುಟ್ಟಂಥ ನಾತ. ಒಬ್ಬರು ಅಂಗಳಕ್ಕೆ ಓಡಿ ವಾಂತಿ ಮಾಡಿಕೊಂಡರು.

ಭಾವ ನನ್ನ ಮುಖ ನೋಡಲಿಲ್ಲ. ಬಂದವರ ಕಡೆ ತಿರುಗಿ, "ಮನೆಯಲ್ಲಿ ಹೊರಗಾದವಳು ಇತ್ತ ಸುಳಿದಿರ್ಬೇಕು. ಇಂಥ ಸಾಮಾನು ಮೈಲಿಗೆ ತಡಿಯೂದಿಲ್ಲ," ಎಂದ.

"ನಾ ಹಿತ್ಲು ಬಿಟ್ಟು ಬರ್ಲೇ ಇಲ್ಲ," ಎಂದಳು ಅಕ್ಕ ಹೊರಗಿಂದಲೇ.

ಬಂದವರು ತಲೆದೂಗಿದ್ದು ಅವನ ಮಾತಿಗೆ. ಅವರು ಹೋದ ಮೇಲೆ ಆ ಹೊಲಸನ್ನು ಮುಟ್ಟಲು ಆಳುಗಳು ಒಪ್ಪಲಿಲ್ಲ. ಭಾವ ಅಕ್ಕನನ್ನೇ ಕರೆದ. ಹೇಗೂ ಕೆಟ್ಟಿದೆಯಲ್ಲ, ಈಗ ಬಂದರೆ ಅಡ್ಡಿಯಿಲ್ಲವಂತೆ. ಅವಳು ಸೆರಗಿನಿಂದ ಮೂಗು ಮುಚ್ಚಿ ನೆಲ ಉಜ್ಜುತ್ತಿದ್ದಾಗ ಅವನು ಬಾಗಿಲಲ್ಲಿ ನಿಂತು ಎಲೆಯಡಿಕೆ ಜಗಿಯುತ್ತಿದ್ದ.

ನಾನು ಅಕ್ಕನ ಕೈಯಿಂದ ಅರಿವೆ ಕಸಿದುಕೊಂಡೆ.

"ನನ್ನ ಮುಟ್ಬೇಡ, ಮತ್ತೆ ಮೀಬೇಕಾಗ್ತದೆ," ಎಂದಳು.

"ಮೀತೆ ಬಿಡು," ಎಂದು ಅವಳ ಪಕ್ಕದಲ್ಲೇ ಕೂತು ಗೋಡೆ ಒರೆಸಿದೆ. ಅಂದು ಆ ಮನೆಯಲ್ಲಿ ನನಗೆ ಊಟ ಸೇರಲಿಲ್ಲ.

ಮುಂದೆ ಭಾವ ಸದ್ದಿಲ್ಲದೆ ಐನೂರು ವೋಲ್ಟಿನದನ್ನೇ ತರಿಸಿ ಹಾಕಿಸಿದ. ರೇಡಿಯೋ ಚೆನ್ನಾಗಿ ಹಾಡತೊಡಗಿತು. ಗೋಮೂತ್ರ ಚಿಮುಕಿಸಿದ ಮೇಲೆ ಸರಿಹೋಯಿತೆಂದು ಬಂದವರಿಗೆಲ್ಲ ಹೇಳುತ್ತಿದ್ದ. ಅಕ್ಕ ಮಾತ್ರ ಯಾವ ದಿನವೂ ಆ ಕೋಣೆಗೆ ಹಾಡು ಕೇಳಲು ಹೋಗಲಿಲ್ಲ.